ಬದುಕಿ ಉಳಿದ ಕೊಡೆ

ಆ ಆಫೀಸಿನ ಬಾಗಿಲ ಬಳಿಯ ಬುಟ್ಟಿಯಲ್ಲಿಟ್ಟ ಒಳ್ಳೆಯ ಕೊಡೆ ಎಂದೂ ಯಜಮಾನನ ಜೊತೆ ಮನೆಗೆ ಮರಳಿದ್ದಿಲ್ಲ. ಗುಮಾಸ್ತ ಆಗಲೇ ಎರಡು ಕಳೆದುಕೊಂಡಿದ್ದ. ಇವತ್ತು ಅವನ ಕೈಯಲ್ಲಿದ್ದದ್ದು ಮಾವ ಕೊಟ್ಟ ಹೊಸ ಕೊಡೆ. ಮಿರಮಿರ ಮಿಂಚುವ ಕಪ್ಪು ಬಟ್ಟೆ, ನುಣುಪಾದ ಮರದ ಹಿಡಿ.

“ರೀ, ಸಂಜೆ ಅಪ್ಪ ಬರ್ತಾರೆ. ಇದನ್ನೂ ಕಳ್ಕೊಂಡ್ರೆ ನೀವೂ ಬರ್ಬೇಡಿ,” ಎಂದು ಹೆಂಡತಿ ಹೊರಡುವಾಗಲೇ ಹೇಳಿದ್ದಳು.

ಕೂಸನ್ನು ಸಂತೆಯಲ್ಲಿ ಬಿಟ್ಟುಹೋಗಬೇಕಾದ ತಾಯಿಯ ಹಾಗೆ ಅವನು ಬುಟ್ಟಿಯ ಮುಂದೆ ನಿಂತಿದ್ದ. ಅದನ್ನು ಕ್ಯಾಷಿಯರ್ ಕಂಡ. ಹಿಂದಿನ ದಿನ ಟಿವಿಯಲ್ಲಿ ಜೀವವಿಕಾಸದ ಕಾರ್ಯಕ್ರಮ ನೋಡಿದ್ದ ಅವನಿಗೆ ಬೆಳಗಿನಿಂದ ಕೇಳುವ ಕಿವಿಯೊಂದು ಬೇಕಾಗಿತ್ತು.

“ಈ ಬುಟ್ಟೀನೂ ಒಂದು ಕಾಡು ಕಣಯ್ಯ. ಕಣ್ಣಿಗೆ ಬಿದ್ದದ್ದು ಹೋಗತ್ತೆ, ಬೀಳದ್ದು ಬದುಕತ್ತೆ. ನೈಸರ್ಗಿಕ ಆಯ್ಕೆ ಅಂದ್ರೆ ಇದೇ. ಅಲ್ನೋಡು, ಆ ಮುರುಕು ಕೊಡೆ. ನಾನು ಕೆಲಸಕ್ಕೆ ಸೇರಿದಾಗ್ಲಿಂದ ಅಲ್ಲೇ ಇದೆ. ಯಾರಾದ್ರೂ ಮುಟ್ಟಿದಾರಾ?”

“ಹಂಗಾದ್ರೆ?”

“ನಿನ್ನದನ್ನೂ ಸ್ವಲ್ಪ ಕುರೂಪ ಮಾಡು.”

ಗುಮಾಸ್ತ ಹಿಡಿಗೆ ಒಂಚೂರು ಗೋಂದು ಬಳಿದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. “ಇನ್ನೂ ಮದುಮಗನ ಥರಾನೇ ಇದೆಯಲ್ಲಪ್ಪ!” ಎಂದು ಟೈಪಿಸ್ಟ್ ಅಕ್ಕ ಬಟ್ಟೆಯ ಮೇಲೆ ತಪ್ಪು ಅಳಿಸುವ ಬಿಳಿ ಬಣ್ಣ ಸಿಡಿಸಿದಳು. ಜವಾನ ಕಡ್ಡಿಗಳನ್ನು ಬಗ್ಗಿಸಿ ಹಿಡಿಗೆ ಸೆಣಬಿನ ದಾರ ಸುತ್ತಿದ. ಗಲಾಟೆ ಕೇಳಿ ಬೈಯಲು ಬಂದ ಮ್ಯಾನೇಜರ್ ಕೊಡೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಎಲ್ಲಾ ಸರಿ. ಒಂದೆರಡು ತೂತು ಇದ್ರೆ ಪಕ್ಕಾ,” ಎಂದವರೇ ಕಾಗದ ತೂತು ಮಾಡುವ ಪಂಚ್ ತರಿಸಿದರು.

ಸಂಜೆ ಮಳೆ ಧೋ ಎಂದು ಸುರಿಯಿತು. ಬುಟ್ಟಿಯಲ್ಲಿದ್ದ ಮ್ಯಾನೇಜರರ ಕೊಡೆಯನ್ನೂ ಯಾರೋ ಹೊತ್ತೊಯ್ದಿದ್ದರು. ಆ ಹಳೇ ಮುರುಕು ಕೊಡೆಯ ಪಕ್ಕ ಗುಮಾಸ್ತನದು ಮಾತ್ರ ಇಟ್ಟಲ್ಲೇ ಇತ್ತು! ತೂತಿನಿಂದ ನೆತ್ತಿಗೆ ನೀರು ತೊಟ್ಟಿಕ್ಕುತ್ತಿದ್ದರೂ ಅವನು ಕುಸ್ತಿ ಗೆದ್ದವನಂತೆ ಎದೆಯುಬ್ಬಿಸಿ ನಡೆದ.

ಬಾಗಿಲು ತೆಗೆದ ಹೆಂಡತಿಯ ಕಣ್ಣು ನೇರವಾಗಿ ಅವನ ಕೈಗೆ ಹೋಯಿತು. ಒಳಗೆ ಕುರ್ಚಿಯಲ್ಲಿ ಮಾವ.

“ಅಪ್ಪನ ಕೊಡೆ ಎಲ್ರೀ?”

“ಇದೇ...”

“ಏನು ಇದೇ? ಅದನ್ನ ಕಳ್ಕೊಂಡು, ಯಾರೋ ಬಿಸಾಕಿದ್ದನ್ನ ಎತ್ಕೊಂಡ್ ಬಂದ್ರಾ?”

ಗುಮಾಸ್ತ ಮಾವನ ಮುಖ ನೋಡಿದ. ನೀವು ಕೊಟ್ಟದ್ದನ್ನು ನಾವೇ ಕೈಯಾರೆ ಹೀಗೆ ಮಾಡಿದೆವು ಎಂಬ ಉತ್ತರ ಈ ಮನೆಯಲ್ಲಿ ಒಂದು ಗಳಿಗೆಯೂ ಬದುಕುವಂಥದ್ದಾಗಿರಲಿಲ್ಲ.

“ಹೂಂ ಕಣೇ. ಯಾರೋ ಕದ್ಬಿಟ್ರು,” ಎಂದ.

ಮಾವ ಎದ್ದು ಬಂದು ಅವನ ಒದ್ದೆ ಹೆಗಲು ತಟ್ಟಿದರು.

“ಬೇಜಾರು ಮಾಡ್ಕೋಬೇಡಿ ಅಳಿಯಂದ್ರೆ. ನೀವು ಸಾಧು, ಅದಕ್ಕೇ ಆಟ ಆಡಿಸ್ತಾರೆ. ನಾಳೆ ನಾನೇ ನಿಮ್ ಆಫೀಸಿಗೆ ಬರ್ತೀನಿ. ನನ್ ಕೊಡೆ ಏನಾಯ್ತು ಅಂತ ಒಬ್ಬೊಬ್ಬರನ್ನೂ ಕೇಳ್ತೀನಿ.”