ಚಿಕ್ಕಪ್ಪಯ್ಯನ ಬೆಲ್ಲ-ನೀರು

ನಮ್ಮ ಚಿಕ್ಕಪ್ಪಯ್ಯನಿಗೆ ಒಂದು ಲೋಟ ನೀರು ಕೊಡುವುದಕ್ಕಿಂತ ಕೋರ್ಟಿನಲ್ಲಿ ಸಾಕ್ಷಿ ಹೇಳುವುದು ಸುಲಭ! ಎರಡನ್ನೂ ಮಾಡಿದವನಾಗಿ ಹೇಳುತ್ತಿದ್ದೇನೆ. ಕೋರ್ಟಿನಲ್ಲಾದರೆ ತಪ್ಪಿ ಮಾತಾಡಿದವನಿಗೆ ತಿದ್ದಿಕೊಳ್ಳಲು ಒಂದು ಅವಕಾಶ ಕೊಡುತ್ತಾರೆ.

ನಮ್ಮ ಕುಂದಾಪುರದ ಕಡೆ ಮನೆಗೆ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಆಮೇಲೆ ಚಾ, ಆಮೇಲೆ ಊಟ, ಆಮೇಲೆ ಆಸ್ತಿಯ ಜಗಳ. ಹಿಂದಿನಿಂದ ಬಂದ ಪದ್ಧತಿ ಇದು. ಈಗ ಬೆಲ್ಲ-ನೀರು ಬಿಟ್ಟುಹೋಗಿ ಉಳಿದ ಮೂರು ಮಾತ್ರ ನಡೆದುಕೊಂಡು ಬಂದಿವೆ. ಆದರೆ ಚಿಕ್ಕಪ್ಪಯ್ಯನ ಕಾನೂನು ಬದಲಾಗಿಲ್ಲ. ಯಾರ ಮನೆಯಲ್ಲಾದರೂ ಅವರು ಕೂತ ಎರಡು ನಿಮಿಷದೊಳಗೆ ಬೆಲ್ಲ-ನೀರು ಬರಬೇಕು. ವಾಚು ನೋಡುತ್ತಾರೆ. ಬರಲಿಲ್ಲವೋ, ಪಂಚೆ ಕೊಡವಿ ಎದ್ದರು! ಕರೆತಂದ ತಪ್ಪಿಗೆ ನಾವೂ ಹಿಂದೆಯೇ ಏಳಬೇಕು.

ಮದುವೆಯಾಗದ ಮನುಷ್ಯ. ಮುಂಬೈಯ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ದುಡಿದು ಈಗ ನಮ್ಮ ಮನೆಯಲ್ಲಿದ್ದಾರೆ. ಅಲ್ಲಿ ಗಲ್ಲಾಪೆಟ್ಟಿಗೆಯ ಎದುರು ಕೂರುವ ಮುಂಚೆ ಎಷ್ಟೋ ವರ್ಷ ಅವರ ಕೆಲಸ ಮೇಜಿಗೆ ನೀರಿಡುವುದು. ಒಂದೇ ಕೈಯಲ್ಲಿ ಐದು ಗ್ಲಾಸು, ಐದರಲ್ಲೂ ಐದು ಬೆರಳು! ಹಾಗೆ ಊರಿಗೆಲ್ಲ ಬೆರಳದ್ದಿದ ನೀರು ಕುಡಿಸಿದವರು ಈಗ ನಮ್ಮಿಂದ ಮರ್ಯಾದೆ ವಸೂಲು ಮಾಡುತ್ತಿದ್ದಾರೆ ಎಂದು ನನ್ನ ಹೆಂಡತಿಯ ಅಭಿಪ್ರಾಯ.

ಮೊನ್ನೆ ಶುಕ್ರವಾರದಿಂದ ಭಾನುವಾರದವರೆಗೆ ಮೂರು ದಿನ ರಜೆ ಸಿಕ್ಕಿತು. ಮೇಷ್ಟ್ರ ಕೆಲಸದಲ್ಲಿ ಇಂಥ ರಜೆ ಸಿಕ್ಕರೆ ಮನುಷ್ಯ ಏನು ಮಾಡಬೇಕು? ಗಂಗೊಳ್ಳಿಯ ಬಂಗುಡೆ ಮೀನು ತಂದು, ಉಂಡು, ಮಲಗಬೇಕು. ನಾನು ಮಲಗಿದೆ. ಹತ್ತೇ ನಿಮಿಷದಲ್ಲಿ ಅಂಗಳದಲ್ಲಿ ಗಲಾಟೆ. ಪಾರ್ಸೆಲ್ ತಂದ ಹುಡುಗನ ಬೈಕಿನ ಕೀಯನ್ನು ಚಿಕ್ಕಪ್ಪಯ್ಯ ಹಿಡಿದುಕೊಂಡು ನಿಂತಿದ್ದಾರೆ!

"ಹ್ವಾಯ್, ಬಾಯಿಗ್ ನೀರ್ ಹಾಕ್ದೆ ಹೋಪುಕಿಲ್ಲೆ!"

"ಅಜ್ಜ, ಒಟಿಪಿ ಹೇಳಿ ಸಾಕ್, ಇನ್ನೂ ಇಪ್ಪತ್ ಮನಿ ಇತ್ತ್."

"ಮೊದ್ಲ್ ಬೆಲ್ಲ. ಮತ್ತೆ ಒಟಿಪಿ."

ಹುಡುಗ ಬೆಲ್ಲ ಬಾಯಿಗೆ ಹಾಕಿಕೊಂಡು, ನೀರು ಗಟಗಟ ಕುಡಿದು ಪಾರಾದ. ಇನ್ನು ನಮ್ಮ ಮನೆಗೆ ಬರುವ ಪಾರ್ಸೆಲ್ಲುಗಳು ಗೇಟಿನ ಹೊರಗಿಂದಲೇ ಹಾರಿ ಬರುತ್ತವೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಶನಿವಾರ ಬ್ರಹ್ಮಾವರಕ್ಕೆ, ನನ್ನ ಹೆಂಡತಿಯ ತಂಗಿಯ ಹೊಸ ಫ್ಲ್ಯಾಟಿಗೆ ಊಟಕ್ಕೆ ಹೊರಟೆವು. ಚಿಕ್ಕಪ್ಪಯ್ಯನನ್ನು ಬಿಟ್ಟುಹೋಗಬಾರದೇ ಎಂದು ಕೇಳುತ್ತೀರಾ? ನಾವು ಚಪ್ಪಲಿ ಹುಡುಕುವಷ್ಟರಲ್ಲಿ ಅವರು ಕಾರಿನ ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಯಾಗಿರುತ್ತದೆ! ದಾರಿಯಲ್ಲಿ ಕುಂಭಾಶಿಯಲ್ಲಿ ಇಳಿದು ಗಣಪತಿಗೆ ಕೈಮುಗಿದೆ. ಎಂತ ಬೇಡಿಕೊಂಡೆ ಎಂದು ಹೇಳಬೇಕಾಗಿಲ್ಲ.

ಗಣಪತಿ ಆ ದಿನ ಬೇರೆಯವರ ಅರ್ಜಿ ನೋಡುತ್ತಿದ್ದನೋ ಏನೋ. ನಾದಿನಿ ಪಾಪ, "ಬನಿ ಚಿಕ್ಕಪ್ಪಯ್ಯ, ಕೂಕಣಿ" ಎಂದು ಸೋಫಾ ತೋರಿಸಿ, ಫ್ರಿಜ್ಜಿನಿಂದ ತಂಪು ನೀರಿನ ಬಾಟಲಿ ತಂದು ಕೈಯಲ್ಲಿಟ್ಟಳು. ಚಿಕ್ಕಪ್ಪಯ್ಯ ಬಾಟಲಿಯನ್ನು ತಿರುಗಿಸಿ ನೋಡಿದರು. ವಾಚು ನೋಡಿದರು.

"ಬಾಟ್ಲಿ ನೀರ್ ರೈಲಂಗೆ ಕುಡುದ್. ಇದೆಂತ ಸ್ಟೇಷನ್ನಾ?" ಎಂದವರೇ ಎದ್ದರು.

ಬೆಳಿಗ್ಗೆ ಐದಕ್ಕೆ ಎದ್ದು ನಾದಿನಿ ಮಾಡಿದ ಕೋಳಿ ಸುಕ್ಕದ ಪರಿಮಳವನ್ನಷ್ಟೇ ಮೂಗಿನಲ್ಲಿ ತುಂಬಿಕೊಂಡು ನಾವು ಮೆಟ್ಟಿಲಿಳಿದೆವು. ಮೇಲೆ ಅವಳು ಅಳುತ್ತಿದ್ದಳು, ಕಾರಿನಲ್ಲಿ ಇವಳು ಅಳುತ್ತಿದ್ದಳು. ಹೆದ್ದಾರಿಯ ಬದಿಯಲ್ಲಿ ಇಡ್ಲಿ ತಿಂದೆವು. ಆ ಹೋಟೆಲಿನವನು ಐದು ಬೆರಳೂ ಅದ್ದಿ ತಂದಿಟ್ಟ ನೀರನ್ನು ಚಿಕ್ಕಪ್ಪಯ್ಯ ಸಂತೋಷದಿಂದ ಕುಡಿದರು! ನಗು ಬರುತ್ತದೆಯೇ ನಿಮಗೆ? ನನಗೆ ಆ ದಿನ ಬರಲಿಲ್ಲ. ಈ ಮನುಷ್ಯನ ದೆಸೆಯಿಂದ ನಾವು ಒಂದೊಂದೇ ಮನೆ ಕಳೆದುಕೊಳ್ಳುತ್ತಿದ್ದೇವೆ ಎಂದು ಲೆಕ್ಕ ಹಾಕತೊಡಗಿದೆ.

ಮೊದಲು ಕಳೆದುಕೊಂಡದ್ದು ಅವರ ಅಕ್ಕನ ಮನೆಯನ್ನೇ. ಬೈಂದೂರಿನಲ್ಲಿರುವ ನನ್ನ ಅತ್ತೆ. ಹನ್ನೊಂದು ವರ್ಷದ ಹಿಂದೆ ಅತ್ತೆಯ ಹೊಸ ಮನೆಯ ಒಕ್ಕಲಿಗೆ, ಎಂದರೆ ಗೃಹಪ್ರವೇಶಕ್ಕೆ, ಚಿಕ್ಕಪ್ಪಯ್ಯ ಮುಂಬೈಯ ಕೆಲಸ ಬಿಟ್ಟು ರೈಲಿನಲ್ಲಿ ನಿಂತೇ ಬಂದಿದ್ದರು. ಬಾಗಿಲಲ್ಲಿ ಅತ್ತೆ ಬೆಲ್ಲ-ನೀರಿನ ತಟ್ಟೆ ಹಿಡಿದುಕೊಂಡಿದ್ದರು. ತಮ್ಮನನ್ನು ಕಂಡವರೇ ತಟ್ಟೆಯನ್ನು ಅವನ ಹಿಂದಿದ್ದವರಿಗೆ ಚಾಚಿ, "ನೀ ಮನಿಯವ ಅಲ್ದಾ? ಒಳ್ಗ್ ಹೋಯಿ ಬಡ್ಸುಕ್ ನಿಲ್ಲ್!" ಎಂದುಬಿಟ್ಟರು.

ಅಷ್ಟೇ. ಜನ್ಮವಿಡೀ ಊರಿನವರಿಗೆ ಬಡಿಸಿ ಬಂದವನಿಗೆ ಅಕ್ಕನ ಮನೆಯಲ್ಲೂ ಬಡಿಸುವ ಕೆಲಸವೇ ಎಂದು ಚಿಕ್ಕಪ್ಪಯ್ಯ ಗೇಟು ದಾಟಿ ಹೊರಟರು. ಮನೆಯವನಿಗೆ ಯಾರಾದರೂ ನೀರು ಕೊಟ್ಟು ಸ್ವಾಗತ ಮಾಡುತ್ತಾರೆಯೇ ಎಂದು ಅಕ್ಕ ಒಳಗೆ ಉಳಿದರು. ಅವರು ನೀರು ತಂದರೆ ಇವರು ಒಳಗೆ, ಇವರು ಒಳಗೆ ಬಂದರೆ ಅವರು ನೀರು! ಅಂದಿನಿಂದ ಪ್ರತಿ ರಜೆಯಲ್ಲೂ ನಾವು ಬೈಂದೂರಿಗೆ ಹೋಗುವುದು, ಚಿಕ್ಕಪ್ಪಯ್ಯ ಗೇಟಿನ ಹೊರಗೆ ಕಾರಿನಲ್ಲೇ ಕೂರುವುದು, ಅತ್ತೆ ಜಗಲಿಗೆ ಬಂದು ತೆಂಗಿನಮರಕ್ಕೆ ಕೇಳುವ ಹಾಗೆ "ಕೆಲವ್ರಿಗೆ ಗೇಟೇ ಮನಿ!" ಎನ್ನುವುದು, ಚಿಕ್ಕಪ್ಪಯ್ಯ ಕಾರಿನ ಗಾಜು ಇಳಿಸಿ ರಸ್ತೆಗೆ "ಕೆಲವ್ರ್ ಮನಿ ಬಾವಿ ಬತ್ತಿತ್ತಂಬ್ರ!" ಎನ್ನುವುದು. ಒಡಹುಟ್ಟಿದವರು ಹನ್ನೊಂದು ವರ್ಷ ಆಡಿದ ಮಾತು ಇಷ್ಟೇ.

ನಾಲ್ಕು ತಿಂಗಳ ಹಿಂದೆ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಚಿಕ್ಕಪ್ಪಯ್ಯ ಆಸ್ಪತ್ರೆಗೆ ಬಂದವರು, ಅತ್ತೆಗೆ ನಿದ್ದೆ ಹತ್ತಿದ ಮೇಲೆ ಬಾಗಿಲ ಸಂದಿಯಿಂದ ನೋಡಿ ಹೋಗಿದ್ದರು. ಅತ್ತೆ ಮನೆಗೆ ಮರಳಿದ ಮೇಲೆ ನಾವು ಬೈಂದೂರಿಗೆ ಹೊರಟದ್ದು ಈ ಭಾನುವಾರವೇ ಮೊದಲು. ಚಿಕ್ಕಪ್ಪಯ್ಯ ಎಂದಿನಂತೆ ಕಾರಿನಲ್ಲೇ ಉಳಿದರು. ಜಗಲಿ ಖಾಲಿಯಿತ್ತು. ಗಾಜು ಇಳಿಸಿ ಕಾದರು. ಯಾರೂ ತೆಂಗಿನಮರಕ್ಕೆ ಏನೂ ಹೇಳಲಿಲ್ಲ.

ನಾನು ಅಡುಗೆಮನೆಯಲ್ಲಿ ಅತ್ತೆಯ ಸೊಸೆಯೊಡನೆ ಮಾತಾಡುತ್ತಿದ್ದಾಗ ಹಿಂಬಾಗಿಲಲ್ಲಿ ನೆರಳು ಕಂಡಿತು. ಚಿಕ್ಕಪ್ಪಯ್ಯ!

"ಬೆಲ್ಲ ಎಲ್ಲಿತ್ತ್?"

ಸೊಸೆ ತಡವರಿಸಿ, ಬಾಗಿಲ ಪಕ್ಕದ ಕಿಟಕಿಯ ದಂಡೆಯಲ್ಲಿದ್ದ ಪುಟ್ಟ ಸ್ಟೀಲ್ ಡಬ್ಬಿ ತೋರಿಸಿದಳು. ಚಿಕ್ಕಪ್ಪಯ್ಯ ಒಂದು ತುಂಡು ಬೆಲ್ಲ ತೆಗೆದರು, ಲೋಟಕ್ಕೆ ನೀರು ತುಂಬಿ ತಟ್ಟೆಯಲ್ಲಿಟ್ಟರು. ಒಂದು ಬೆರಳೂ ನೀರಿಗೆ ತಾಗದ ಹಾಗೆ ಎರಡು ಕೈಯಲ್ಲಿ ಹಿಡಿದು ಅತ್ತೆಯ ಕೋಣೆಗೆ ನಡೆದರು. ಆಗ ಸೊಸೆ ಮೆಲ್ಲಗೆ ಹೇಳಿದಳು:

"ಆ ಡಬ್ಬಿ ಅತ್ತೆದ್. ನೀವ್ ಬಪ್ಪು ಹಿಂದಿನ್ ದಿನ ಹಳೇ ಬೆಲ್ಲ ತೆಗ್ದ್ ಹೊಸ್ತ್ ಹಾಕಿ ಇಡ್ತಿದ್ರ್. ಯಾರೂ ಮುಟ್ಟುಕಿಲ್ಲೆ. ಅವ ಒಳ್ಗ್ ಬಂದ್ರೆ ಹುಡ್ಕುಕ್ ಹೋಪುಕಾಗ, ಎರಡ್ ನಿಮಿಷ್ದಂಗೆ ಕೊಡ್ಕ್ ಅಂತಿದ್ರ್."

ನಾನು ಕೋಣೆಯ ಬಾಗಿಲಿಗೆ ಹೋದೆ. "ಅಕ್ಕ, ಬಾಯ್ ತೆಗಿ" ಎಂದು ಚಿಕ್ಕಪ್ಪಯ್ಯ ಬೆಲ್ಲದ ಚೂರನ್ನು ನೀರಲ್ಲಿ ಕದಡಿ ಚಮಚದಲ್ಲಿ ಕುಡಿಸುತ್ತಿದ್ದರು. ಅರ್ಧ ನೀರು ಕೆನ್ನೆಯ ಮೇಲೆ ಹರಿಯಿತು. ಹೆಗಲ ಮೇಲಿನ ಬೈರಾಸು ವಸ್ತ್ರದಿಂದ ಒರೆಸಿದರು. ಅತ್ತೆ ತೊದಲುತ್ತ, ಒಂದೊಂದೇ ಅಕ್ಷರ ಹೊರಡಿಸಿ ಕೇಳಿದರು:

"ಬಡ್ಸುಕ್ ಬಂದ್ಯಾ?"

"ಹ್ಞಾ, ಬಂದೆ."

ಹನ್ನೊಂದು ವರ್ಷ ಬೇಕಾಯಿತೇ ಇದಕ್ಕೆ? ಅತ್ತೆಯ ಎರಡು ಕೈಯೂ ಆಡುತ್ತಿದ್ದಾಗ, ಬಾಯಿ ನೆಟ್ಟಗಿದ್ದಾಗ ಬರಲು ಏನಾಗಿತ್ತು? ನನಗೆ ಅಳುವಿಗಿಂತ ಸಿಟ್ಟು ಹೆಚ್ಚು ಬಂತು.

ಊಟ ಮುಗಿಸಿ ಹೊರಟು ಮರವಂತೆ ಮುಟ್ಟಿದೆವು. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ ಕಾಣುತ್ತಿದ್ದಂತೆ ಹಿಂದಿನ ಸೀಟಿನ ನಮ್ಮ ಮಕ್ಕಳು ಇಳಿಯಲು ಚಪ್ಪಲಿ ಕಳಚುತ್ತಿದ್ದರು. ಚಿಕ್ಕಪ್ಪಯ್ಯ ನನ್ನತ್ತ ತಿರುಗಿದರು.

"ಬೆಲ್ಲ ಹಳತ್ ಮಾರಾಯ. ಕಲ್ಲ್ ಆಯಿತ್ತ್."

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ.

"ಹಳತೇ. ಅತ್ತೆ ಬೀಳುಕ್ ಮುಂಚೆ ನಿಮ್ಗಂತ್ಲೇ ತೆಗ್ದಿಟ್ಟದ್. ಪ್ರತಿ ರಜೆಗೂ ಇಡ್ತಿದ್ರಂಬ್ರ. ನೀವ್ ಕಾರಂಗ್ ಕೂಕಂಡಿದ್ರಿ."

ಚಿಕ್ಕಪ್ಪಯ್ಯ ಕಡಲಿನ ಬದಿಗೆ ಮುಖ ತಿರುಗಿಸಿದರು. ಅತ್ತಲೇ ನೋಡುತ್ತ, "ಗಾಡಿ ತಿರ್ಗ್ಸ್" ಎಂದರು.

"ಎಂತಕ್ಕೆ?"

"ಅಕ್ಕನಿಗ್ ಕುಡ್ಸಿದ್ದೇ ಆಯ್ತ್. ನನ್ ನೀರ್ ಬಾಕಿ ಇತ್ತ್."

ತಿರುಗಿಸಿದೆ. ಮಕ್ಕಳು ಗೊಣಗಿದರು, ಹೆಂಡತಿ ಅವರ ಕಾಲಿಗೆ ಮತ್ತೆ ಚಪ್ಪಲಿ ತೊಡಿಸಿದಳು. ಬೈಂದೂರಿಗೆ ಮರಳಿದಾಗ ಅತ್ತೆಗೆ ನಿದ್ದೆ ಬಂದಿತ್ತು. ಚಿಕ್ಕಪ್ಪಯ್ಯ ಮುಂಬಾಗಿಲಿನಿಂದ ಬಂದು ಜಗಲಿಯ ಬೆಂಚಿನ ಮೇಲೆ ಕೂತರು. ಸೊಸೆ ಗಡಿಬಿಡಿಯಲ್ಲಿ ತಟ್ಟೆ ಹಿಡಿದು ಬಂದಳು.

"ನೀ ಕೊಡುದ್ ಬ್ಯಾಡ ಮಗಾ. ಅಕ್ಕ ಏಳ್ಲಿ."

ಮಧ್ಯಾಹ್ನ ಕಳೆದು ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಯಿತು. ಚಿಕ್ಕಪ್ಪಯ್ಯ ಒಮ್ಮೆಯೂ ವಾಚು ನೋಡಲಿಲ್ಲ.