ಹಿಸ್ಕೆ ಮಿಸ್ ಮನೆಯ ಪರದೆ

"ಸಮುದ್ರವನ್ನೇ ಗೋಡೆಯಾಚೆ ನಿಲ್ಲಿಸಿದವನಿಗೆ ಒಂದು ಟಿವಿಯನ್ನ ಗೋಡೆ ಮೇಲೆ ನಿಲ್ಲಿಸೋದು ಯಾವ ಮಹಾ ಕೆಲಸ?" ಎಂದು ಗೆರ್ಲೋಫ್ ಬೆಳಗಿನ ಬ್ರೆಡ್ಡಿನ ಮೇಲೆ ಚಾಕೊಲೇಟ್ ಕಾಳು ಉದುರಿಸುತ್ತಾ ಘೋಷಿಸಿದ.

ಸಮುದ್ರವನ್ನು ಅವನೊಬ್ಬನೇ ನಿಲ್ಲಿಸಿರಲಿಲ್ಲ. ಹಾರ್ಲಿಂಗೆನ್ ಊರಿನ ಕಡಲ ಒಡ್ಡಿಗೆ ಅವನು ಇನ್ಸ್‌ಪೆಕ್ಟರ್. ಗಾಜಿನ ಕೊಳವೆಯಲ್ಲಿ ಗುಳ್ಳೆ ತೇಲುವ ರಸಮಟ್ಟ ಹಿಡಿದು ಒಡ್ಡಿನ ಮೇಲೆ ನಡೆದು, ಅದು ನಿನ್ನೆ ಇದ್ದಲ್ಲೇ ಇಂದೂ ಇದೆ ಎಂದು ಕಚೇರಿಗೆ ತಿಳಿಸುವುದು ಅವನ ಕೆಲಸ. ಒಡ್ಡೂ ಒಳ್ಳೆಯ ಸ್ವಭಾವದ್ದು, ಇದ್ದಲ್ಲೇ ಇರುತ್ತಿತ್ತು. ಆ ಕೀರ್ತಿಯಲ್ಲಿ ಅರ್ಧ ತನ್ನದೆಂದು ಗೆರ್ಲೋಫ್ ಮನಸಾರೆ ನಂಬಿದ್ದ.

ಅವನಿಗಿದ್ದ ಒಂದೇ ಚಟ ಕಾರ್ ರೇಸಿನ ಆಟ. ನಿಜವಾದ ಕಾರಲ್ಲ, ಟಿವಿಯೊಳಗಿನದು. ಪ್ರತಿ ಗುರುವಾರ ಸಂಜೆ ಬೇರೆ ಬೇರೆ ಊರಿನ ಒಡ್ಡಿನ ಇನ್ಸ್‌ಪೆಕ್ಟರುಗಳೆಲ್ಲ ತಂತಮ್ಮ ಮನೆಯಲ್ಲೇ ಕೂತು ಪೈಪೋಟಿ ನಡೆಸುತ್ತಿದ್ದರು. ಗೆರ್ಲೋಫ್ ಆಡುತ್ತಿದ್ದದ್ದು ಅಟ್ಟದಲ್ಲಿ. ಅಲ್ಲಿ ಹೆಂಚಿನ ಸಂದಿಯಿಂದ ಕಡಲ ಗಾಳಿ ಬಂದು ಕಿವಿಯಲ್ಲಿ ಸಿಳ್ಳೆ ಹಾಕುತ್ತಿತ್ತು. ಕಾರು ಎಡಕ್ಕೆ ತಿರುಗಿದರೆ ಅವನೂ ಎಡಕ್ಕೆ ವಾಲುತ್ತಿದ್ದ, ತೊಲೆ ಹಣೆಗೆ ಬಡಿಯುತ್ತಿತ್ತು. ಬಲಕ್ಕೂ ಒಂದು ತೊಲೆ ಇತ್ತು. ಈ ಚಳಿಗಾಲವನ್ನಾದರೂ ಕೆಳಗೆ, ಬೆಚ್ಚಗಿನ ನಡುಮನೆಯಲ್ಲಿ ಕಳೆಯಬೇಕೆಂಬುದು ಅವನ ಜೀವನದ ಸದ್ಯದ ಆಸೆ.

ಅಡ್ಡಿಯಾಗಿದ್ದವಳು ಹೆಂಡತಿ ಹಿಸ್ಕೆ. ಆಕೆ ಊರಿನ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ಈ ವರ್ಷ ರಜೆ ಮುಗಿದು ಶಾಲೆ ತೆರೆದ ಹೊಸದರಲ್ಲೇ ತಂದೆತಾಯಿಯರ ಸಭೆ ಕರೆದು, "ನಡುಮನೆಯಲ್ಲಿ ಮಕ್ಕಳಿಗೆ ಕಾಣಬೇಕಾದ್ದು ಅಪ್ಪ ಅಮ್ಮನ ಮುಖ, ಟಿವಿ ಪರದೆ ಅಲ್ಲ" ಎಂದು ಮೇಜು ಕುಟ್ಟಿ ಹೇಳಿದ್ದಳು. ಆ ತಂದೆತಾಯಿಯರಲ್ಲಿ ಅರ್ಧದಷ್ಟು ಮಂದಿ ಇದೇ ಬೀದಿಯವರು. ಇನ್ನು ಕಿಟಕಿಯೋ, ಗೋಡೆಯಷ್ಟೇ ದೊಡ್ಡದು. ಆ ಬೀದಿಯಲ್ಲಿ ಸಂಜೆ ಯಾರೂ ಕಿಟಕಿಯ ಪರದೆ ಎಳೆಯುವುದಿಲ್ಲ. ಎಳೆದರೆ ಒಳಗೆ ಯಾರಿಗೋ ಏನೋ ಆಗಿದೆ ಎಂದುಕೊಂಡು ಪಕ್ಕದ ಮನೆಯ ಬೌಕ್ಯೆ ಅಜ್ಜಿ ಬಟಾಣಿ ಸೂಪ್ ಹಿಡಿದು ಬಂದುಬಿಡುತ್ತಾಳೆ.

"ನೋಡು, ಕಿಟಕಿಗೆ ಪರದೆ ಎಳೆಯೋ ಹಾಗಿಲ್ಲ, ಒಳಗಿನ ಪರದೆ ಕಾಣೋ ಹಾಗಿಲ್ಲ" ಎಂದಳು ಹಿಸ್ಕೆ. "ಹೇಗೆ ಮಾಡ್ತೀಯೋ ನಿನಗೆ ಬಿಟ್ಟಿದ್ದು. ಬೀದಿಯವರ ಕಣ್ಣಿಗೆ ಬಿತ್ತೋ, ಅದೂ ನೀನೂ ಇಬ್ಬರೂ ವಾಪಸ್ ಅಟ್ಟಕ್ಕೆ."

ಗೆರ್ಲೋಫ್ ಒಪ್ಪಿದ. ಕಿಟಕಿಯ ಪಕ್ಕದಲ್ಲಿ ಹಿಸ್ಕೆಯ ತವರಿನ ದೊಡ್ಡ ಕಪಾಟಿತ್ತು. ಅದರ ಮರೆಗೆ ಗೋಡೆಯ ಮೇಲೆ ಟಿವಿ ಹಾಕಿದರೆ ಬೀದಿಗೆ ಕಾಣುವುದಿಲ್ಲ. ಆಡುವಾಗ ಅಷ್ಟೇ ಅಷ್ಟು ಮುಂದಕ್ಕೆಳೆದುಕೊಂಡು, ಮುಗಿದ ಮೇಲೆ ಗೋಡೆಗೆ ಮಡಚಿಟ್ಟರೆ ಆಯಿತು. ಬೇಕಾದದ್ದು ಬೇಕಾದ ಹಾಗೆ ತಿರುಗುವ ಒಂದು ಗೋಡೆ ಸ್ಟ್ಯಾಂಡ್ ಮಾತ್ರ.

ಅದನ್ನು ಆರಿಸುವ ಮಹಾಕಾರ್ಯ ಶುರುವಾಯಿತು. ವಾರಗಟ್ಟಲೆ ಗೆರ್ಲೋಫ್ ಊಟ ತಿಂಡಿಗಳಲ್ಲಿ ಬೇರೆ ಮಾತೇ ಆಡಲಿಲ್ಲ.

"ಸ್ಟ್ಯಾಂಡಿನಲ್ಲಿ ಮೂರು ಬಗೆ ಕಣೆ. ಒಂದು ಗೋಡೆಗೆ ಅಂಟಿಕೊಂಡು ಅಲ್ಲಾಡದೆ ಕೂರೋದು."

"ಭಾನುವಾರದ ದಿನ ನೀನು."

"ಎರಡನೇದು ಇದ್ದಲ್ಲೇ ಮೇಲೆ ಕೆಳಗೆ ತಲೆಯಾಡಿಸೋದು."

"ನಿಮ್ಮ ಆಫೀಸು."

"ಮೂರನೇದಕ್ಕೆ ಮಡಚೋ ತೋಳಿದೆ. ಎಡ, ಬಲ, ಮುಂದೆ, ಹಿಂದೆ, ಹೇಳಿದ ಕಡೆ ಬರತ್ತೆ."

"ಅಂಥದ್ದು ಒಂದು ಸಿಕ್ಕಿದ್ರೆ ಅದನ್ನೇ ಮದುವೆ ಆಗ್ತಿದ್ದೆ" ಎಂದು ಹಿಸ್ಕೆ ತಟ್ಟೆ ಎತ್ತಿದಳು. "ಅಲ್ಲಾ ಮಾರಾಯ, ನನ್ನನ್ನ ಒಂದೇ ಸಂಜೆಯಲ್ಲಿ ಆರಿಸ್ಕೊಂಡೆ. ಈ ಕಬ್ಬಿಣಕ್ಕೆ ಇಷ್ಟು ವಿಚಾರಾನಾ?"

"ನಿನ್ನ ಬೆನ್ನ ಮೇಲೆ ಸ್ಕ್ರೂ ತೂತಿನ ಅಳತೆ ನೋಡಬೇಕಾಗಿರಲಿಲ್ಲವಲ್ಲೆ."

ಅಂಗಡಿಯಲ್ಲಿ ತೋಳುಗಳು ಎರಡಿದ್ದವು, ಗಿಡ್ಡದೊಂದು, ಉದ್ದದೊಂದು. ಗಿಡ್ಡದಕ್ಕೆ ಕಪಾಟಿನ ಮರೆ ದಾಟುವ ಶಕ್ತಿಯಿರಲಿಲ್ಲ. ಅಂದರೆ ಅವನಿಗೆ ಬೇಕಾದದ್ದು ನಿಖರವಾಗಿ ಅದೇ. ಅಂಗಡಿಯ ಹೆಂಗಸೂ ಅದನ್ನೇ ಮುಂದಿಟ್ಟಳು.

"ಎಷ್ಟು ಭಾರ ಹೊರತ್ತೆ?" ಎಂದ ಗೆರ್ಲೋಫ್.

"ನಿಮ್ಮ ಟಿವಿಯ ಎರಡರಷ್ಟು."

"ಈ ಉದ್ದದ್ದು?"

"ನಾಲ್ಕರಷ್ಟು. ಯಾಕೆ, ನೀವೂ ನೇತಾಡ್ತೀರಾ?"

ಸಮುದ್ರ ಕಾಯುವವನು ಗಿಡ್ಡ ತೋಳು ಹಿಡಿದು ಮನೆಗೆ ಹೋಗುವುದುಂಟೇ? ಗೆರ್ಲೋಫ್ ಉದ್ದದ್ದನ್ನೇ ಹೆಗಲ ಮೇಲಿಟ್ಟುಕೊಂಡು, ಗದೆ ಹೊತ್ತವನಂತೆ ಕಾಲುವೆಯ ದಂಡೆಗುಂಟ ನಡೆದುಬಂದ.

ಶನಿವಾರ ಗೋಡೆಗೆ ತೂತು ಬಿತ್ತು. ಕಚೇರಿಯ ರಸಮಟ್ಟವನ್ನೇ ತಂದು, ಉಸಿರು ಬಿಗಿಹಿಡಿದು, ಗುಳ್ಳೆ ಕೂದಲೆಳೆಯಷ್ಟೂ ಸರಿಯದಂತೆ ಸ್ಟ್ಯಾಂಡ್ ಕೂರಿಸಿ, ಟಿವಿ ತೂಗುಹಾಕಿ ಹೆಂಡತಿಯನ್ನು ಕರೆದ. ಹಿಸ್ಕೆ ಬಂದಳು, ತಲೆ ಓರೆ ಮಾಡಿದಳು.

"ಸೊಟ್ಟಗಿದೆ."

"ಗುಳ್ಳೆ ಸರಿಯಾಗಿ ನಡುವೆ ಇದೆ, ನೋಡು."

"ಗುಳ್ಳೆ ಈ ಮನೆಯಲ್ಲಿ ಸಂಸಾರ ಮಾಡಲ್ಲ. ನಾನು ಮಾಡ್ತೀನಿ. ಸೊಟ್ಟಗಿದೆ."

ಇಬ್ಬರೂ ಹೇಳಿದ್ದು ನಿಜವೇ. ಅದು ಮುನ್ನೂರು ವರ್ಷದ ಮನೆ. ಹೋದವರು ಯಾರೋ ದೋಣಿಯಲ್ಲಿ ತಿರುಗಿ ಬಂದರೇನೋ ಎಂದು ಇಣುಕುವ ಹಾಗೆ, ಬೀದಿಯಾಚೆಯ ಕಾಲುವೆಯ ಕಡೆಗೆ ತುಸು ಬಾಗಿ ನಿಂತಿತ್ತು. ತೊಲೆ, ನೆಲ, ಹೊಸ್ತಿಲು, ಕಪಾಟು ಎಲ್ಲವೂ ಒಂದೇ ಕಡೆಗೆ ವಾಲಿದ್ದರಿಂದ ಯಾವುದೂ ವಾಲಿದಂತೆ ಕಾಣುತ್ತಿರಲಿಲ್ಲ. ಇಡೀ ಮನೆಯಲ್ಲಿ ನೆಟ್ಟಗೆ ನಿಂತದ್ದು ಟಿವಿಯೊಂದೇ. ಹಾಗಾಗಿ ಅದೊಂದೇ ಸೊಟ್ಟಗೆ ಕಂಡಿತು.

ಸಮುದ್ರಮಟ್ಟದೆದುರು ಬಾಗದವನು ಹೆಂಡತಿಯ ಕಣ್ಣಳತೆಗೆ ಬಾಗಿದ. ಸ್ಕ್ರೂ ಬಿಚ್ಚಿ, ಸ್ಟ್ಯಾಂಡನ್ನು ಕಪಾಟಿಗೆ ಹೊಂದುವಂತೆ ಕಾಲುವೆಯ ಕಡೆಗೆ ಚೂರು ವಾಲಿಸಿ ಮತ್ತೆ ಬಿಗಿದ. "ಹಾಂ, ಈಗ ನೆಟ್ಟಗಾಯ್ತು" ಎಂದಳು ಹಿಸ್ಕೆ. ರಸಮಟ್ಟವನ್ನು ಗೆರ್ಲೋಫ್ ಅದರ ಮುಖ ನೋಡದೆ ಚೀಲಕ್ಕೆ ತುಂಬಿದ.

ಗುರುವಾರ ಬಂತು. ನವೆಂಬರಿನ ಕತ್ತಲು ಸಂಜೆ ಚಹಾ ಹೊತ್ತಿಗೇ ಕಾಲುವೆಯ ಮೇಲೆ ಇಳಿದಿತ್ತು. ಹಿಸ್ಕೆ ಹಾಡಿನ ತಂಡದ ಅಭ್ಯಾಸಕ್ಕೆಂದು ಸೈಕಲ್ ಏರಿ ಹೋದಳು. ಗೆರ್ಲೋಫ್ ಹಳೆಯ ನಿಲುವಂಗಿ ತೊಟ್ಟು, ಉಣ್ಣೆಯ ಕಾಲುಚೀಲವೇರಿಸಿ, ಕರಿದು ಮಯೊನೀಸ್ ಸುರಿದ ಆಲೂಗಡ್ಡೆ ಕಡ್ಡಿಗಳ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡ. ಆಫೀಸಿನಲ್ಲಿರುವಂಥ ಚಕ್ರದ ಕುರ್ಚಿಯನ್ನು ಕಪಾಟಿನ ಮರೆಗೆ ಎಳೆದು, ಟಿವಿಯನ್ನು ಅಷ್ಟೇ ಅಷ್ಟು ಮುಂದಕ್ಕೆ ತಂದು, ಕಿವಿಗೆ ಹೆಡ್‌ಫೋನ್ ಹಾಕಿದ. ಮೇಲೆ ತೊಲೆಯಿಲ್ಲ, ಗಾಳಿಯಿಲ್ಲ. ಅವನಿಗೆ ಕಣ್ತುಂಬಿ ಬಂತು. ರೇಸ್ ಶುರುವಾಯಿತು.

ಉದ್ದ ತೋಳು ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ, ಮನೆಯೆಲ್ಲ ಯಾವ ಕಡೆಗೆ ವಾಲಿದೆಯೋ ತಾನೂ ಆ ಕಡೆಗೆ ಹೋಗುವುದೇ ಮರ್ಯಾದೆ ಎಂದುಕೊಂಡಿತೋ ಏನೋ, ಸೂರ್ಯಕಾಂತಿ ಹೂವು ತಿರುಗುವಷ್ಟು ನಿಧಾನವಾಗಿ ತಿರುಗತೊಡಗಿತು. ಟಿವಿ ತಿರುಗಿದಂತೆಲ್ಲ ಆಟದಲ್ಲಿ ಮುಳುಗಿದ್ದ ಗೆರ್ಲೋಫ್ ಕಾಲಿನಿಂದ ಕುರ್ಚಿಯನ್ನು ಒಂದಿಷ್ಟು ಸರಿಸಿದ. ನೆಲದ ಇಳಿಜಾರು ಇನ್ನಷ್ಟು ಸರಿಸಿತು. ತೋಳಿಗೆ ಬೇಕಾದಷ್ಟು ಉದ್ದವಿತ್ತು. ಕಪಾಟಿನ ಮರೆ ದಾಟಿತು. ಟಿವಿ ತನ್ನ ಬೆಳಗುವ ಮುಖವನ್ನು ಪೂರ್ತಿ ಬೀದಿಗೆ ತೋರಿಸಿ ನೆಮ್ಮದಿಯಾಗಿ ನಿಂತಿತು. ಅದರ ಮುಂದೆ, ಕಿಟಕಿಯ ಗಾಜಿಗೆ ಬೆನ್ನು ಆನಿಸಿಕೊಂಡು ಗೆರ್ಲೋಫ್.

ಅವನಿಗೆ ಇದೊಂದೂ ಗೊತ್ತಿಲ್ಲ. ಅವನ ಕಾರು ಕಂದಕಕ್ಕೆ ಬಿತ್ತು. ಎದ್ದಿತು. ಹುಲ್ಲಿನ ಬಣವೆಗೆ ಹೊಕ್ಕಿತು. ಅವನು ಎಡಕ್ಕೆ ವಾಲಿದ, ಬಲಕ್ಕೆ ವಾಲಿದ, ನಾಲಿಗೆ ಕಚ್ಚಿದ, ಗಲ್ಲಕ್ಕೆ ಜೊಲ್ಲು ಇಳಿಸಿದ, ಮುಂದಿನ ಕಾರಿನವನ ಅಜ್ಜಿಯನ್ನು ನೆನೆದ, ಕಣ್ಣು ತೆಗೆಯದೆ ಆಲೂಗಡ್ಡೆ ಕಡ್ಡಿಯನ್ನು ಬಾಯಿಗೆಂದು ಕೆನ್ನೆಗಿಟ್ಟ. ಆಟ ಮುಗಿದಾಗ ಪರದೆಯ ಮೇಲೆ ಅವನ ಹೆಸರು ಎಲ್ಲರಿಗಿಂತ ಕೆಳಗೆ, ದೊಡ್ಡ ಅಕ್ಷರಗಳಲ್ಲಿ ಮೂಡಿತು.

ಹೆಡ್‌ಫೋನ್ ತೆಗೆದ. ಕತ್ತಿನ ಹಿಂದೆ ಗಾಜಿನ ತಂಪು ತಾಕಿತು. ನಡುಮನೆಯ ಮೂಲೆಗೆ ಗಾಜು ಎಲ್ಲಿಂದ ಬಂತು ಎಂದುಕೊಂಡು ತಿರುಗಿ ನೋಡಿದ.

ಬೀದಿ ಅಲ್ಲೇ ಇತ್ತು. ಬೌಕ್ಯೆ ಅಜ್ಜಿ ಮಡಚುಕುರ್ಚಿ ಹಾಕಿಕೊಂಡು ಕೂತಿದ್ದಳು. ಅಪ್ಪಂದಿರ ಹೆಗಲ ಮೇಲೆ ಮಕ್ಕಳಿದ್ದರು. ಎಲ್ಲರೂ ಗಂಭೀರವಾಗಿ, ಚರ್ಚಿನಲ್ಲಿ ನಿಂತಂತೆ ನಿಂತಿದ್ದರು. ಎಲ್ಲರ ಹಿಂದೆ, ಸೈಕಲ್ ಹಿಡಿದುಕೊಂಡು, ಹಿಸ್ಕೆ.

ಗೆರ್ಲೋಫ್ ಆಲೂಗಡ್ಡೆ ಕಡ್ಡಿ ಹಿಡಿದ ಕೈಯನ್ನೇ ಎತ್ತಿದ. ಬೀದಿಯೂ ಕೈ ಎತ್ತಿತು.

ಮುಂಬಾಗಿಲು ತೆರೆದ ಸದ್ದಾಯಿತು. ಅಟ್ಟದ ಎರಡೂ ತೊಲೆಗಳು ಅವನ ಕಣ್ಣಮುಂದೆ ಬಂದವು. ಆದರೆ ಹಿಸ್ಕೆಗೆ ಒಳಗೆ ಬರಲಾಗಲಿಲ್ಲ. ಹೊಸ್ತಿಲಲ್ಲೇ ಅವಳನ್ನು ಸೀಬ್ರೆನ್ ತಡೆದಿದ್ದ. ಅವನ ಮಗಳು ಹಿಸ್ಕೆಯ ಶಾಲೆಯಲ್ಲೇ ನಾಲ್ಕನೇ ತರಗತಿಯಲ್ಲಿದ್ದಳು.

"ಮಿಸ್, ಸಭೆಯಲ್ಲಿ ನೀವು ಹೇಳಿದ್ದು ನಿಜ ಹೇಳ್ಬೇಕು ಅಂದ್ರೆ ನಮಗೆ ಅಷ್ಟು ನಾಟಿರಲಿಲ್ಲ. ಇವತ್ತು ನಾಟಿತು."

"ಯಾವುದು ಸೀಬ್ರೆನ್?"

"ಅದೇ, ಪರದೆ ಮುಂದೆ ಕೂತ್ರೆ ಮನುಷ್ಯ ಏನಾಗ್ತಾನೆ ಅಂತ. ನಿಮ್ಮ ಯಜಮಾನರನ್ನೇ ಕೂರಿಸಿ, ಎಲ್ಲರಿಗೂ ಕಾಣೋ ಹಾಗೆ ತೋರಿಸಿಬಿಟ್ರಲ್ಲ. ಬೇರೆ ಯಾವ ಟೀಚರ್ ಮಾಡ್ತಾರೆ ಹೇಳಿ ಇಂಥ ತ್ಯಾಗ? ನನ್ನ ಮಗಳು, 'ಅಪ್ಪಾ, ನಾನೂ ಆಡುವಾಗ ಹೀಗೇ ಕಾಣ್ತೀನಾ?' ಅಂತ ಕೇಳಿದಳು. ಹೌದು ಅಂದೆ. ಮನೆಗೆ ಓಡಿಹೋಗಿ ತನ್ನ ಟ್ಯಾಬ್ಲೆಟ್ಟನ್ನ ತಾನೇ ಕೈಯಾರೆ ಬೀರುವಿನಲ್ಲಿ ಇಟ್ಟು ಬಂದಳು."

ಬೌಕ್ಯೆ ಅಜ್ಜಿ ಅವನ ಹಿಂದಿನಿಂದ ತಲೆ ಹಾಕಿದಳು. "ಹುಡುಗ ಏನು ಚೆನ್ನಾಗಿ ಅಭಿನಯ ಮಾಡ್ತಾನಮ್ಮ. ಆ ಜೊಲ್ಲು ನಿಜವಾದ್ದಾ?"

"ನಿಜವಾದ್ದು" ಎಂದಳು ಹಿಸ್ಕೆ.

ಅವಳ ದನಿಯಲ್ಲಿ ಏನೋ ಬದಲಾಗಿದ್ದನ್ನು ಗೆರ್ಲೋಫ್ ಒಳಗಿನಿಂದಲೇ ಗುರುತಿಸಿದ. ಶಾಲೆಗೆ ಬಿಟ್ಟಿ ಪಾಠೋಪಕರಣ ಸಿಕ್ಕಾಗ ಬರುವ ದನಿ ಅದು.

"ವಾರ ವಾರ ಇರತ್ತಾ ಮಿಸ್? ನನ್ನ ತಂಗಿ ಮಕ್ಕಳನ್ನೂ ಕರ್ಕೊಂಡು ಬರ್ತೀನಿ" ಎಂದ ಸೀಬ್ರೆನ್.

"ಇರತ್ತೆ. ಪ್ರತಿ ಗುರುವಾರ. ಚಿಕ್ಕವರನ್ನ ಮುಂದೆ ನಿಲ್ಲಿಸಿ."

ಬಾಗಿಲು ಮುಚ್ಚಿತು. ಹಿಸ್ಕೆ ಒಳಬಂದು ಕೋಟು ಬಿಚ್ಚಿ, ಗಂಡನ ಕೆನ್ನೆಯ ಮಯೊನೀಸನ್ನು ನೋಡಿದಳು. ಒರೆಸಲಿಲ್ಲ.

"ಹಾಗಾದ್ರೆ... ಅಟ್ಟಕ್ಕೆ ಹೋಗೋದಾ?" ಎಂದ ಗೆರ್ಲೋಫ್.

"ಅಟ್ಟಕ್ಕೆ ಯಾಕೆ? ಇಲ್ಲೇ ಇರು. ಬೆಚ್ಚಗೆ."

ಅವನ ಮುಖ ಅರಳಿತು. ಆಮೇಲೆ ಮಾತಿನ ಅರ್ಥ ಒಂದೊಂದಾಗಿ ಒಳಗಿಳಿದು ಮುಖ ಮತ್ತೆ ಮುಚ್ಚಿಕೊಂಡಿತು. "ಏ, ನಾನು ಒಡ್ಡಿನ ಇನ್ಸ್‌ಪೆಕ್ಟರ್ ಕಣೆ. ಊರಲ್ಲಿ ನನಗೂ ಒಂದು ಮಾನ ಅಂತ ಇಲ್ವಾ?"

"ಇಷ್ಟು ವರ್ಷ ಊರನ್ನ ನೀರಿನಿಂದ ಕಾದೆ. ಈಗ ಮಕ್ಕಳನ್ನ ಪರದೆಯಿಂದ ಕಾಯಿ. ಆ ನಿಲುವಂಗಿ ಒಗೆಯೋಕೆ ಹಾಕಬೇಡ, ಅದು ಹಾಗೇ ಚೆನ್ನಾಗಿದೆ."

ಹೀಗೆ ಗೆರ್ಲೋಫ್‌ಗೆ ನಡುಮನೆ ದಕ್ಕಿತು. ಸ್ಟ್ಯಾಂಡನ್ನು ಅವನು ನೆಟ್ಟಗೆ ಮಾಡಲು ಹೋಗಲಿಲ್ಲ, ಹಿಸ್ಕೆ ಬಿಡಲೂ ಇಲ್ಲ. ಗುರುವಾರ ಬಂದರೆ ಬೀದಿ ತುಂಬುತ್ತಿತ್ತು, ಬಿಸಿ ಚಾಕೊಲೇಟ್ ಬರುತ್ತಿತ್ತು. ಗೆರ್ಲೋಫ್ ಬೀದಿಗೆ ಬೆನ್ನು ಹಾಕಿ, ಕಂದಕಕ್ಕೆ ಬಿದ್ದು, ಎದ್ದು, ಕೊನೆಯವನಾಗಿ, ಒಂದು ಪೀಳಿಗೆಯನ್ನು ತಿದ್ದುತ್ತಿದ್ದ.

ಆದರೆ ಬೆಚ್ಚಗಿನ ಕೋಣೆಯಲ್ಲಿ ಕೂತು ಆಡಿದರೆ, ತಲೆಗೆ ತೊಲೆ ಬಡಿಯದಿದ್ದರೆ, ಯಾರಿಗಾದರೂ ಸ್ವಲ್ಪ ಆಟ ಬರಲೇಬೇಕಲ್ಲ. ಕ್ರಿಸ್‌ಮಸ್ ಹತ್ತಿರವಾದ ಒಂದು ಗುರುವಾರ ಅವನ ಕಾರು ಕಂದಕಕ್ಕೆ ಬೀಳಲಿಲ್ಲ. ಒಬ್ಬನನ್ನು ಹಿಂದೆ ಹಾಕಿತು. ಇನ್ನೊಬ್ಬನನ್ನು ಹಾಕಿತು. ಕೊನೆಯ ತಿರುವಿಗೆ ಬರುವಾಗ ಅವನ ಮುಂದೆ ರಸ್ತೆಯೊಂದೇ ಇತ್ತು, ಜೀವನದಲ್ಲಿ ಮೊದಲ ಸಲ. ಕಿಟಕಿಯ ಗಾಜಿಗೆ ಪುಟ್ಟ ಪುಟ್ಟ ಮೂಗುಗಳು ಒತ್ತಿಕೊಂಡವು. ಕಣ್ಣುಗಳು ಹೊಳೆಯತೊಡಗಿದವು. ಯಾವುದೋ ಮಗು ಆನಂದದಿಂದ ಗಾಜು ತಟ್ಟಿತು.

ಕಪಾಟಿನ ಮರೆಯಿಂದ ಒಂದು ಕೈ ಬಂದು ಅವನ ಹೆಡ್‌ಫೋನನ್ನು ಒಂದು ಕಿವಿಯಿಂದ ಎತ್ತಿತು.

"ಗೆಲ್ಲಬೇಡ" ಎಂದಳು ಹಿಸ್ಕೆ ಮೆಲ್ಲಗೆ. "ಮಕ್ಕಳು ನೋಡ್ತಿದ್ದಾರೆ."