ಅತ್ತೆಯ ಚೀನಾ ಸೂಪು ಮತ್ತು ಇಡೀ ಕುಂಬಳಕಾಯಿ

ಹೊನ್ನಾಳಿಯ ಒಂದು ಅಡುಗೆಮನೆಯಲ್ಲಿ ನಿಂತು, ಪಾಸ್‌ಪೋರ್ಟ್ ಇಲ್ಲದೆ, ಒಂದಕ್ಷರ ಚೀನೀ ಭಾಷೆ ಬಾರದೆ, ಇಡೀ ಚೀನಾವನ್ನು ಒಂದು ಸ್ಟೀಲ್ ಪಾತ್ರೆಗೆ ಇಳಿಸಿದವರು ಯಾರಾದರೂ ಇದ್ದರೆ ಅದು ನನ್ನ ಸೋದರತ್ತೆ! ನಂಬದವರು ಬಿಡಿ, ನಾನೂ ಮೊದಲು ನಂಬಿರಲಿಲ್ಲ. ಈಗಂತೂ ಚನ್ನಗಿರಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರಾದರೂ ಅಡುಗೆಯ ಮಾತೆತ್ತಿದರೆ ಸಾಕು, "ನಮ್ಮತ್ತೆ ಇದ್ದಾರಲ್ಲ..." ಎಂದು ಶುರು ಮಾಡುತ್ತೇನೆ. ಉಳಿದ ಟೀಚರುಗಳು ಬೆಲ್ ಹೊಡೆಯುವ ಮೊದಲೇ ಕ್ಲಾಸಿಗೆ ಹೊರಟುಬಿಡುತ್ತಾರೆ.

ಅತ್ತೆ ಹುಟ್ಟಿದ್ದು ಜಗಳೂರಿನಲ್ಲಿ. ಆ ಒಣ ಸೀಮೆಯಿಂದ ಹೊಳೆ ದಂಡೆಯ ಹೊನ್ನಾಳಿಗೆ ಸೊಸೆಯಾಗಿ ಬಂದವರು ತವರಿನಿಂದ ತಂದದ್ದು ಎರಡೇ: ಒಂದು ಚೀಲ ಶೇಂಗಾ ಮತ್ತು ಒಂದು ಬಾಯಿ. ಶೇಂಗಾ ಆ ವರ್ಷವೇ ಖಾಲಿಯಾಯಿತು. ಮಾಡಬಾರದು ಎಂದು ಯಾರಾದರೂ ಹೇಳಿದರೆ ಸಾಕು, ಅದನ್ನು ಆ ವಾರದಲ್ಲೇ ಮಾಡಿ ಮುಗಿಸುವವರು ಅವರು. ಮಂಗಳವಾರ ತಲೆಗೂದಲು ಕತ್ತರಿಸಿಕೊಂಡರು. ಅಮಾವಾಸ್ಯೆಯ ದಿನ ಹೊಸ ಫ್ರಿಜ್ ಮನೆಗೆ ತಂದರು. ಐವತ್ತು ದಾಟಿದ ಮೇಲೆ ಸ್ಕೂಟಿ ಕೊಂಡರು!

ಆ ಸ್ಕೂಟಿಯ ಪೂಜೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಕಡೆ ಇಡೀ ಬೂದುಗುಂಬಳವನ್ನು ಹೆಂಗಸರು ಒಡೆಯುವಂತಿಲ್ಲ. ಮೊದಲ ಏಟು ಗಂಡಸಿನದೇ ಆಗಬೇಕು. ಆ ದಿನ ಮನೆಯ ಗಂಡಸು, ಅಂದರೆ ನನ್ನ ಮಾವ, ಖಾಸಗಿ ಬಸ್ಸಿನ ಡ್ರೈವರು, ಯಾವುದೋ ಟ್ರಿಪ್ಪಿನ ಮೇಲೆ ಜಗಳೂರಿನ ದಾರಿಯಲ್ಲಿದ್ದರು. ಅತ್ತೆ ಕಾಯಲಿಲ್ಲ. ಸೆರಗು ಸಿಕ್ಕಿಸಿ, ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಬೀದಿಯಲ್ಲಿ ಧಡ್ ಎಂದು ಒಡೆದೇ ಬಿಟ್ಟರು. ಬೀದಿ ಪೂರಾ ಬಾಯಿ ಮೇಲೆ ಕೈಯಿಟ್ಟುಕೊಂಡಿತು.

"ಗಾಡಿ ನಂದು, ಬಿದ್ರೆ ಒಡಿಯೋ ಮೊಣಕಾಲೂ ನಂದು. ಕಾಯಿ ಒಡಿಯಾಕೆ ಮಾತ್ರ ಇನ್ನೊಬ್ರನ್ನ ಕರೀಬೇಕಾ?" ಎಂದರು ಅತ್ತೆ.

ಇಂಥ ಅತ್ತೆಯನ್ನು ಮಂಕಾಗಿ ಕೂರಿಸಿದ್ದು ಮಾವನ ಬಲಗೈ. ಹೋದ ವರ್ಷ ಮಾವನಿಗೆ ಸಣ್ಣಗೆ ಪಾರ್ಶ್ವವಾಯು ಹೊಡೆಯಿತು. ಮಾತು ಮರಳಿತು, ಕಾಲೂ ಮರಳಿತು. ಬಲಗೈ ಮಾತ್ರ ಅರ್ಧಕ್ಕೆ ನಿಂತಿತು. ಮೂವತ್ತು ವರ್ಷ ಸ್ಟೇರಿಂಗ್ ತಿರುಗಿಸಿದ ಕೈಗೆ ಒಂದು ರೊಟ್ಟಿ ಮುರಿಯಲು ಬರುತ್ತಿರಲಿಲ್ಲ. ಅತ್ತೆ ತುತ್ತು ಮಾಡಿ ತಿನ್ನಿಸುತ್ತಿದ್ದರು. ಒಂದು ಮಧ್ಯಾಹ್ನ ಹಾಗೆ ತಿನ್ನಿಸುವಾಗ ಪಕ್ಕದ ಮನೆಯ ಮೇಷ್ಟ್ರು ಪೇಪರ್ ಕೇಳಲು ಒಳಗೆ ಬಂದರು. ಮಾವ ಅಂದು ಮುಚ್ಚಿದ ಬಾಯಿ ಆಮೇಲೆ ಸರಿಯಾಗಿ ತೆರೆಯಲೇ ಇಲ್ಲ. ಊಟಕ್ಕೆ ಕರೆದರೆ "ಹಸಿವಿಲ್ಲ". ಚಮಚ ಕೊಟ್ಟರೆ ಕೈ ನಡುಗಿ ಅನ್ನ ಎದೆಯ ಮೇಲೆ. ಅಂಗಿ ಸಡಿಲವಾಯಿತು, ಕೆನ್ನೆ ಒಳಗೆ ಹೋಯಿತು. "ಊಟ ಒಂದು ಸರಿ ಮಾಡಿ, ಉಳಿದದ್ದು ನಾನು ನೋಡ್ಕೋತೀನಿ" ಎಂದರು ಡಾಕ್ಟರು. ಅದೊಂದೇ ಆಗುತ್ತಿರಲಿಲ್ಲ.

ಅಂಥ ದಿನಗಳಲ್ಲಿ ಅತ್ತೆಯ ಮೊಬೈಲಿನಲ್ಲಿ ಒಬ್ಬ ಚೀನಾದ ಅಜ್ಜಿ ಪ್ರತ್ಯಕ್ಷಳಾದಳು. ಅಜ್ಜಿ ಏನೇನೋ ಮಾತಾಡುತ್ತ ಬೂದುಗುಂಬಳದ ಸೂಪು ಮಾಡುತ್ತಿದ್ದಳು. ಕೊನೆಗೆ ಅವಳ ಮುದುಕ ಬಂದು, ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಸೊರ್ರೆಂದು ಕುಡಿದು ನಕ್ಕ. ಅತ್ತೆ ಆ ವಿಡಿಯೋವನ್ನು ಎಷ್ಟು ಸಲ ನೋಡಿದರೋ ಲೆಕ್ಕವಿಲ್ಲ. ನನಗೆ ಫೋನ್ ಬಂತು.

"ಏ ಹುಡುಗಿ, ನಮ್ಮ ಬೀಗಿತಿ ಹೊಸ ಅಡುಗೆ ಹೇಳಿಕೊಟ್ಟಾಳೆ."

"ಯಾವ ಬೀಗಿತಿ ಅತ್ತೆ?"

"ಚೀನಾದಾಕಿ! ಅಲ್ಲೂ ಕುಂಬಳಕಾಯಿ ಮೈತುಂಬ ವಿಭೂತಿ ಹಚ್ಕೊಂಡೇ ಐತೆ ನೋಡು. ಅಂದ್ಮೇಲೆ ನಮ್ಮೋರೇ ಅಲ್ವಾ?"

ಬೀಗಿತಿಯೇನೋ ಪಾತ್ರೆಗೆ ಎಲುಬು ಹಾಕಿದ್ದಳು. ನಮ್ಮದು ಈರುಳ್ಳಿ ಹೆಚ್ಚಿದ ಚಾಕುವನ್ನೂ ಬೇರೆಯಾಗಿ ತೊಳೆದಿಡುವ ಶುದ್ಧ ಸಸ್ಯಾಹಾರಿ ಮನೆ. ಅತ್ತೆ ಎರಡು ದಿನ ಯೋಚಿಸಿ, ಎಳೆ ಮೆಕ್ಕೆಜೋಳದ ಕಾಳು ಬಿಡಿಸಿ, ಉಳಿದ ದಿಂಡುಗಳನ್ನು ಶುಂಠಿಯ ಜೊತೆ ಗಂಟೆಗಟ್ಟಲೆ ಕುದಿಸಿದರು. ಮಾವ ಮಂಚದಿಂದಲೇ ಕೇಳಿದರು, "ಎಮ್ಮೆ ತಂದೀಯೇನು?"

"ಯಾಕ್ರೀ?"

"ದಿಂಡು ಬೇಯ್ಸಾಕೆ ಹತ್ತೀಯಲ್ಲ, ಅದಕ್ಕೆ."

ನಗಬೇಡಿ. ಆ ದಿಂಡಿನಲ್ಲಿ ಎಂಥ ಸಿಹಿ ರಸವಿರುತ್ತದೆ ಎಂದು ನನಗೂ ಗೊತ್ತಿರಲಿಲ್ಲ! ಆದರೆ ಮೊದಲ ಪ್ರಯೋಗ ಸೂಪಾಗಲಿಲ್ಲ, ಸಾರಾಯಿತು. ನ್ಯಾಮತಿಯ ಸಂತೆಯಿಂದ ಕುಂಬಳದ ಹೋಳು ತಂದು ಬೇಯಿಸಿ, ಇನ್ನೇನು ಇಳಿಸಬೇಕು, ಅಷ್ಟರಲ್ಲಿ ಅತ್ತೆಯ ಕೈ ತನ್ನ ಪಾಡಿಗೆ ತಾನು ಒಗ್ಗರಣೆ ಹಾಕಿಬಿಟ್ಟಿತ್ತು! ಎರಡನೇ ಸಲ ಅದೇ ಕೈ ಸಾರಿನ ಪುಡಿ ಉದುರಿಸಿತು. ಮೂರನೇ ಸಲಕ್ಕೆ ಅತ್ತೆ ಸಾಸಿವೆ ಡಬ್ಬಿ, ಇಂಗು, ಸಾರಿನ ಪುಡಿ ಮೂರನ್ನೂ ಪಕ್ಕದ ಮೇಷ್ಟ್ರ ಮನೆಯಲ್ಲಿ ಇಟ್ಟು ಬಂದರು. "ನಾನು ಎಷ್ಟು ಬೇಡ್ಕೊಂಡ್ರೂ ಸೂಪ್ ಆಗೋತನ ವಾಪಸ್ ಕೊಡಬ್ಯಾಡ್ರಿ" ಎಂದು ತಾಕೀತು ಬೇರೆ. ಅವತ್ತು ಸಂಜೆ ಬೇಡಿಕೊಳ್ಳಲು ಹೋಗಿದ್ದರಂತೆ. ಮೇಷ್ಟ್ರು ಕೊಡಲಿಲ್ಲ.

ಒಗ್ಗರಣೆಯಿಲ್ಲದ ಆ ಸೂಪಿನ ರುಚಿ ನೋಡಿದ್ದು ಆ ಭಾನುವಾರ ಹೊನ್ನಾಳಿಗೆ ಹೋಗಿದ್ದ ನಾನೇ. ದಿಂಡಿನ ತಿಳಿರಸ, ಅದರಲ್ಲಿ ಕನ್ನಡಿಯಂತಾದ ಕುಂಬಳದ ಹೋಳು, ಶುಂಠಿಯ ಘಮ, ಮೇಲೆ ಚಿಟಿಕೆ ಬಿಳಿ ಮೆಣಸು. ಖಾರವಿಲ್ಲ, ಹುಳಿಯಿಲ್ಲ, ಗದ್ದಲವೇ ಇಲ್ಲ. ಗಂಟಲಿನಿಂದ ಹೊಟ್ಟೆಯವರೆಗೆ ಒಂದು ಬೆಚ್ಚನೆಯ ಸಮಾಧಾನ ಇಳಿಯಿತು. "ಅತ್ತೆ, ಗೆದ್ದಿರಿ!" ಎಂದೆ.

"ನೀನು ಗೆಲ್ಸಿದ್ರೆ ಏನು ಬಂತು? ಕುಡೀಬೇಕಾದೋರು ಕುಡೀಲಿಲ್ಲ" ಎಂದರು. ಹೌದು, ಮಾವ ಆ ಬಟ್ಟಲನ್ನು ಮುಟ್ಟಿರಲಿಲ್ಲ. ತನಗೆಂದು ಬೇರೆಯಾಗಿ ಮಾಡಿದ ರೋಗಿಯ ಗಂಜಿ ಎಂದುಕೊಂಡು ಗೋಡೆಗೆ ಮುಖ ತಿರುಗಿಸಿದ್ದರು.

ಮುಂದಿನ ಭಾನುವಾರ ನಾನು ಹೊನ್ನಾಳಿಯಲ್ಲಿ ಬಸ್ಸಿಳಿಯುವಾಗ ಅತ್ತೆ ಸ್ಕೂಟಿಯೊಂದಿಗೆ ಕಾದಿದ್ದರು. ನನ್ನನ್ನು ಕೂರಿಸಿಕೊಂಡು ನೇರ ತರಕಾರಿ ಅಂಗಡಿಗೆ.

"ಒಂದು ಇಡೀ ಬೂದುಗುಂಬಳ ಕೊಡಪ್ಪ."

"ಯಾವ ಗಾಡಿ ತಗಂಡ್ರಿ ಅಮ್ಮ?"

"ಗಾಡಿಗಲ್ಲಪ್ಪ, ಸೂಪಿಗೆ."

ಅಂಗಡಿಯವನು ಅತ್ತೆಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಎರಡು ನಿಂಬೆಹಣ್ಣು ಪುಕ್ಕಟೆ ಹಾಕಿ, "ಯಾತಕ್ಕೂ ಇರ್ಲಿ" ಎಂದ. ಅತ್ತೆ ಮನೆಗೆ ಬಂದು ಆ ನಿಂಬೆಹಣ್ಣುಗಳನ್ನು ಗ್ಯಾಸ್ ಒಲೆಯ ಎರಡು ಕಾಲಿನ ಮುಂದೆ ಇಟ್ಟರು, ಯಾತಕ್ಕೂ ಇರಲಿ ಎಂದೇ.

"ನ್ಯಾಮತಿ ಹೋಳು ಸಾಕಾಗ್ತಿತ್ತಲ್ಲ ಅತ್ತೆ, ಮೂರು ಜನಕ್ಕೆ ಇಷ್ಟು ದೊಡ್ಡದು ಯಾಕೆ?" ಎಂದು ಕೇಳಿದೆ. ಅತ್ತೆ ಕಾಯಿಯನ್ನು ಅಡುಗೆಮನೆಯ ನಡುವೆ ಗೋಣಿಚೀಲದ ಮೇಲೆ ಇಟ್ಟು, ಪಕ್ಕದಲ್ಲಿ ಮಚ್ಚು ಇಟ್ಟು, ಕೂಗಿದರು.

"ರೀ, ಬರ್ರಿ ಇಲ್ಲಿ. ಕಾಯಿ ಒಡೀಬೇಕು."

"ನೀನೇ ಒಡ್ಕೊ."

"ನಾನು ಹೆಂಗಸು ಕಣ್ರೀ. ಇಡೀ ಕುಂಬಳಕಾಯಿ ನಾನು ಒಡಿಯಂಗಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. "ಅತ್ತೆ, ಸ್ಕೂಟಿ ಪೂಜೆ ದಿನ ನೀವೇ..." ಎಂದು ಬಾಯಿ ತೆರೆದೆ. ಅತ್ತೆ ನನ್ನ ಪಾದವನ್ನು ಗಟ್ಟಿಯಾಗಿ ತುಳಿದರು. ಕಣ್ಣಲ್ಲಿ ನೀರು ಬಂತು. ಬುದ್ಧಿಯೂ ಬಂತು.

"ಪಕ್ಕದ ಮೇಷ್ಟ್ರನ್ನ ಕರಿ" ಎಂದರು ಮಾವ.

"ಮೇಷ್ಟ್ರು ಮೂವತ್ತು ವರ್ಷ ಬಸ್ಸಿನ ಮುಂದೆ ಕಾಯಿ ಒಡ್ದಾರಾ? ಆಯುಧಪೂಜೇಲಿ ಒಂದೇ ಏಟಿಗೆ ಒಡೀತಿದ್ದೋರು ಯಾರು? ನೀವು ಬರಲಿಲ್ಲಂದ್ರೆ ಇದು ಇಲ್ಲೇ ಕೊಳೀಲಿ. ಇವತ್ತು ಮನೇಲಿ ಯಾರಿಗೂ ಊಟ ಇಲ್ಲ."

ಅತ್ತೆ ಕಾಯಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತೇ ಇದ್ದರು. ಕೊನೆಗೆ ಮಂಚ ಕಿರುಗುಟ್ಟಿತು. ಮಾವ ಗೋಡೆ ಹಿಡಿದು ಬಂದರು. ಮಣೆಯ ಮೇಲೆ ಕೂತು, ಸೊರಗಿದ ಬಲ ಅಂಗೈಯನ್ನು ಕಾಯಿ ಉರುಳದಂತೆ ಅದರ ಹಿಂಬದಿಗೆ ಒತ್ತಿ, ಎಡಗೈಯಲ್ಲಿ ಮಚ್ಚು ಹಿಡಿದರು. ಮೊದಲ ಏಟು ಜಾರಿತು. ಎರಡನೆಯದು ಸಿಪ್ಪೆಯಲ್ಲೇ ನಿಂತಿತು. ಸಹಾಯಕ್ಕೆ ಚಾಚಿದ ನನ್ನ ಕೈಯನ್ನು ಅತ್ತೆ ಗಟ್ಟಿಯಾಗಿ ಹಿಡಿದುಕೊಂಡರು. ಮೂರನೆಯ ಏಟಿಗೆ ಚರಕ್ ಎಂದು ಕಾಯಿ ಎರಡಾಯಿತು!

"ನೋಡ್ತಾ ಏನು ಕೂತಿ? ಬೀಜ ತೆಗಿ. ಸಿಪ್ಪೆ ದಪ್ಪ ಹೆರೀಬ್ಯಾಡ" ಎಂದರು ಮಾವ. ಎಷ್ಟೋ ತಿಂಗಳ ನಂತರ ಕೇಳಿದ ಹಳೇ ಡ್ರೈವರಿನ ದನಿ ಅದು. ಸೂಪು ಇಳಿಯುವವರೆಗೂ ಅವರು ಅಡುಗೆಮನೆ ಬಿಟ್ಟು ಕದಲಲಿಲ್ಲ.

ಅತ್ತೆ ಮೂರು ಬಟ್ಟಲು ತುಂಬಿದರು. ಚಮಚ ಇಡಲಿಲ್ಲ. "ಚೀನಾದಾಗೆ ಚಮಚ ಹಿಡಿದ್ರೆ ಬೀಗಿತಿಗೆ ಅವಮಾನ. ಎರಡೂ ಕೈಯಾಗೆ ಎತ್ತಿ ಕುಡೀಬೇಕು, ಜೋರಾಗಿ ಸದ್ದು ಮಾಡ್ಬೇಕು" ಎಂದು ಅಪ್ಪಟ ಸುಳ್ಳೊಂದನ್ನು ಹೇಳಿ, ತಾವೇ ಮೊದಲು ಬಟ್ಟಲೆತ್ತಿ ಸೊರ್ರೆಂದರು. ನಾನೂ ಸೊರ್ರೆಂದೆ. ಮಾವ ನಮ್ಮಿಬ್ಬರನ್ನೂ ನೋಡಿ, ಎಡಗೈಯ ಆಸರೆಗೆ ಬಲಗೈಯನ್ನೂ ತಂದು, ಬಟ್ಟಲೆತ್ತಿದರು. ಒಂದು ಹನಿಯೂ ಅಂಗಿಯ ಮೇಲೆ ಬೀಳಲಿಲ್ಲ.

ಸರಿಯಾಗಿ ಆ ಹೊತ್ತಿಗೇ ಸಾಸಿವೆ ಡಬ್ಬಿ ಹಿಡಿದು ಮೇಷ್ಟ್ರು ಒಳಗೆ ಬರಬೇಕೇ? ಮಾವ ಬಟ್ಟಲು ಕೆಳಗಿಡಲಿಲ್ಲ. ಪೂರ್ತಿ ಕುಡಿದು, ಮೀಸೆ ಒರೆಸಿಕೊಂಡು, "ಬರ್ರಿ ಮೇಷ್ಟ್ರೇ, ಚೀನಾ ಸೂಪು. ಕಾಯಿ ಒಡ್ದಿದ್ದು ನಾನು" ಎಂದರು. ಆಮೇಲೆ ಖಾಲಿ ಬಟ್ಟಲನ್ನು ಅತ್ತೆಯ ಕಡೆ ಚಾಚಿ, "ಉಪ್ಪು ಸ್ವಲ್ಪ ಕಮ್ಮಿ ಐತೆ. ಇನ್ನೊಂದಿಷ್ಟು ಹಾಕು" ಎಂದರು.

ಉಪ್ಪು ತರುವ ನೆಪದಲ್ಲಿ ಅತ್ತೆ ಒಲೆಯ ಹತ್ತಿರ ಹೋದವರು ತಿರುಗಲೇ ಇಲ್ಲ. ಹೋಗಿ ನೋಡಿದರೆ ಉಳಿದರ್ಧ ಕುಂಬಳದ ಮೇಲೆ ಕೈಯಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರಂಥ ಹೆಂಗಸು ನಮ್ಮ ಮನೆಯವರು ಎಂದು ಆ ಕ್ಷಣದಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ.

"ನಾಳೆ ಇನ್ನೊಂದು ಇಡೀದು ತರ್ತೀನಿ ಕಣೇ" ಎಂದರು.

"ಅಂಗಡಿಯವನು ಮತ್ತೆ ಯಾವ ಗಾಡಿ ಅಂತಾನೆ ಅತ್ತೆ."

"ಅನ್ಲಿ ಬಿಡು. ಹಳೇ ಗಾಡೀನೇ ಕಣಪ್ಪ, ನಿಂತುಹೋಗಿತ್ತು, ಈಗ ಸ್ಟಾರ್ಟ್ ಆಗೈತೆ ಅಂತೀನಿ."